ತಗಡಿನ ಮೇಲೆ ತೇಗದ ಎಳೆ

ಹಳೆಯ ರೇಡಿಯೋ ಬಿಚ್ಚಿದಾಗ ಸಿಕ್ಕ ಅಯಸ್ಕಾಂತದ ಚೂರೊಂದು ಮಕ್ಕಳಿರುವ ಮನೆಯಲ್ಲಿ ಎಲ್ಲಾದರೂ ಬಿದ್ದಿರುತ್ತದೆ. ಅದನ್ನು ಹಿಡಿದು, ಬೀದಿಯಲ್ಲಿ ಈಚೆಗೆ ಗೃಹಪ್ರವೇಶವಾದ ಮನೆಯ ಮುಂಬಾಗಿಲ ಹತ್ತಿರ ಹೋಗಿ. ಬಾಗಿಲು ನೋಡಿದರೆ ತೇಗದ್ದು. ಹೊಂಬಣ್ಣ, ಮೇಲಿಂದ ಕೆಳಗೆ ಹರಿದ ಕಂದು ಎಳೆಗಳು, ನಡುವೆ ಗೋಪುರದ ಹಾಗೆ ಒಂದರ ಮೇಲೊಂದು ಏರಿದ ಕಮಾನುಗಳು, ಮೂಲೆಯಲ್ಲೊಂದು ಗಂಟು. ಅಯಸ್ಕಾಂತ ತಾಗಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಅದು ಟಪ್ಪೆಂದು ಅಂಟಿಕೊಳ್ಳುತ್ತದೆ! ತೇಗಕ್ಕೆ ಅಯಸ್ಕಾಂತ ಅಂಟುವುದುಂಟೆ? ಬಾಗಿಲು ಉಕ್ಕಿನ ತಗಡಿನದು. ಮೇಲೆ ಕಾಣುವ ಮರ ಪೇಂಟರನ ಕೈಕೆಲಸ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳೆಂದರೆ ಮರದ ಸೀಮೆ. ನಾಗರಹೊಳೆ ಕಾಡಿನ ಅಂಚು ಈ ಮೂರನ್ನೂ ಮುಟ್ಟಿಕೊಂಡಿದೆ. ಕೆ.ಆರ್. ನಗರ ಭತ್ತದ ಬಯಲು. ಅಲ್ಲಿನ ಹಳೆಯ ತೊಟ್ಟಿಮನೆಗಳಿಗೆ ಬೇಕಾದ ಕಂಬ, ತೊಲೆಗಳು ಕಾಡಿನ ಕಡೆಯಿಂದ ಗಾಡಿಯ ಮೇಲೆ ಬರಬೇಕಿತ್ತು. ಇಂಥ ಸೀಮೆಯಲ್ಲೇ ಈಗ ತಗಡಿನ ಮೇಲೆ ತೇಗ ಬರೆಸುವ ಕಾಲ ಬಂದಿದೆ. ಇದನ್ನು ನೋಡಿ ಹಿರಿಯರು ‘ಎಲ್ಲಾ ಡೂಪ್ಲಿಕೇಟು ಕಣಪ್ಪ’ ಎಂದು ಮೂಗು ಮುರಿಯುವುದು ಸಹಜ. ಆದರೆ ಈ ಕಸುಬು ಅಷ್ಟು ಹಗುರವಾದದ್ದಲ್ಲ, ನಿನ್ನೆ ಮೊನ್ನೆಯದೂ ಅಲ್ಲ. ಇದರ ಕಷ್ಟ ತಿಳಿಯಬೇಕಾದರೆ ಮನೆಯ ಬಾಗಿಲು ಬಿಟ್ಟು ಹಳೆಯ ಕಾರಿನ ಬಾಗಿಲು ತೆಗೆದು ನೋಡಬೇಕು.

ಶ್ರೀರಂಗಪಟ್ಟಣದ ಬಳಿ, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ‘ಪಯಣ’ ಎಂಬ ಕಾರುಗಳ ಮ್ಯೂಸಿಯಂ ಇದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಅದು. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಹೊರಮೈ ಹೊಳಪನ್ನು ನೋಡಿ ಮುಂದೆ ಹೋಗಿಬಿಡುತ್ತಾರೆ. ಕಿಟಕಿಯ ಗಾಜಿನಲ್ಲಿ ಇಣುಕಿ ಒಳಗಿನ ಡ್ಯಾಷ್‌ಬೋರ್ಡನ್ನು, ಗಾಜಿನ ಸುತ್ತಲಿನ ಪಟ್ಟಿಯನ್ನು ನೋಡುವವರು ಕಡಿಮೆ. ಹಳೆಯ ಕಾರು ಎಲ್ಲಿ ಸಿಕ್ಕರೂ ಆ ಜಾಗವನ್ನು ನೋಡಬೇಕು. ಕೆಲವದರಲ್ಲಿ ಅಲ್ಲಿರುವುದು ನಿಜವಾದ ಮರ. ಕೆಲವದರಲ್ಲಿ ಮರದ ಚಿತ್ರ. (ಅಯಸ್ಕಾಂತವನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುವುದು ಮರ್ಯಾದೆ. ಬಣ್ಣ ಗೀರಿದರೆ ಕಾವಲಿನವರು ಸುಮ್ಮನಿರುವುದಿಲ್ಲ.)

ಕಾರಿನೊಳಗೆ ಮರ ಬಂದದ್ದು ಹೇಗೆ? ಕಾರಿನ ಪೂರ್ವಜ ಕುದುರೆ ಸಾರೋಟು. ಸಾರೋಟು ಮಾಡುತ್ತಿದ್ದವರು ಬಡಗಿಗಳು, ಕಮ್ಮಾರರು, ಚರ್ಮದ ಕೆಲಸದವರು. ಈ ಮೂರು ಕಸುಬುಗಳೂ ಒಂದೇ ಊರಿನಲ್ಲಿ ಸೇರುವುದೆಂದರೇನು ಎಂಬುದು ಹುಣಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1864ರವರೆಗೆ ಅಲ್ಲಿ ಸರ್ಕಾರದ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಅಂಗಳ ಇದ್ದವು. ಅವು ಮುಚ್ಚಿದ ಮೇಲೂ ಊರಿನ ಜನರ ಕೈಯಲ್ಲಿ ಕೆಲಸ ಉಳಿಯಿತು; ಹುಣಸೂರಿನ ಎತ್ತಿನ ಗಾಡಿಗಳಿಗೆ ಹೆಸರಿತ್ತು. ಯೂರೋಪು, ಅಮೆರಿಕಗಳಲ್ಲೂ ಮೊದಮೊದಲ ಕಾರುಗಳು ಇಂಥ ಕೈಗಳಿಂದಲೇ ಬಂದವು. ಮರದ ಚೌಕಟ್ಟು, ಅದರ ಮೇಲೆ ತಗಡು, ಒಳಗೆ ಚರ್ಮ. ಸಿರಿವಂತರ ಕಾರಾದರೆ ಡ್ಯಾಷ್‌ಬೋರ್ಡಿಗೆ ಅಕ್ರೋಟು ಮರದ ತೆಳು ಹಾಳೆ ಅಂಟಿಸಿ, ಕನ್ನಡಿಯ ಹಾಗೆ ಹೊಳಪು ಕೊಡುತ್ತಿದ್ದರು.

ಆಮೇಲೆ ಉಕ್ಕು ಬಂತು. ಅಮೆರಿಕದ ಡಾಡ್ಜ್ ಕಂಪನಿ 1914ರಲ್ಲೇ ಪೂರ್ತಿ ಉಕ್ಕಿನ ಮೈಯ ಕಾರನ್ನು ತಂದಿತು. 1935ರ ಹೊತ್ತಿಗೆ ಜನರಲ್ ಮೋಟಾರ್ಸ್ ಕಾರುಗಳ ತಾರಸಿಯೂ ಒಂದೇ ಉಕ್ಕಿನ ಹಾಳೆಯದಾಯಿತು. ಉಕ್ಕನ್ನು ಅಚ್ಚಿನಲ್ಲಿ ಒತ್ತಿ ನಿಮಿಷಕ್ಕೊಂದು ಭಾಗ ತೆಗೆಯಬಹುದು. ಮರವನ್ನು ಹಾಗೆ ಅವಸರಪಡಿಸಲಾಗದು. ಮರ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಸೀಳುತ್ತದೆ, ಅಪಘಾತವಾದರೆ ಸಿಬಿರೇಳುತ್ತದೆ. ಆದರೆ ಕಾರು ಕೊಳ್ಳುವವನ ಕಣ್ಣು ಮರಕ್ಕೆ ಒಗ್ಗಿಹೋಗಿತ್ತು. ಬರಿಯ ತಗಡಿನ ಡ್ಯಾಷ್‌ಬೋರ್ಡು ಅವನಿಗೆ ಅಡುಗೆಮನೆಯ ಡಬ್ಬದ ಹಾಗೆ ಕಂಡಿತೇನೊ. ಆದ್ದರಿಂದ 1930 ಮತ್ತು 1940ರ ದಶಕಗಳ ಪ್ಯಾಕಾರ್ಡ್, ಬ್ಯುಯಿಕ್, ಷೆವ್ರೊಲೆ ಮುಂತಾದ ಕಾರುಗಳಲ್ಲಿ ಉಕ್ಕಿನ ಮೇಲೆ ಮರದ ಎಳೆ ಮೂಡಿಸುವ ರೂಢಿ ಬಂತು. ನಿಜವಾದ ಮರದ ಎಳೆಯನ್ನು ಲೋಹದ ಫಲಕದಲ್ಲಿ ಕೊರೆದು, ಅದಕ್ಕೆ ಮಸಿ ತುಂಬಿ, ಮೆತ್ತನೆಯ ರೋಲರಿನಿಂದ ಆ ಮಸಿಯನ್ನು ಎತ್ತಿ, ಬಣ್ಣ ಬಳಿದ ಉಕ್ಕಿನ ಮೇಲೆ ಉರುಳಿಸುತ್ತಿದ್ದರು. ಇನ್ನು ಕೆಲವರು ತೆಳುವಾದ ಚಿತ್ರದ ಹಾಳೆಯನ್ನೇ ಅಂಟಿಸಿದರು. ಮೇಲೆ ಪಾರದರ್ಶಕ ವಾರ್ನಿಷ್.

ಅಮೆರಿಕದ ಕಾರುಗಳು ನಮಗೂ ಹೊಸವಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯಲ್ಲಿ ಬಿಡಿಭಾಗ ಜೋಡಿಸುವ ಕಾರ್ಖಾನೆ ತೆರೆದಿತ್ತು. ಸ್ವಾತಂತ್ರ್ಯದ ಹೊತ್ತಿಗೆ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸತೊಡಗಿತು. ಅರಮನೆಗಳಿಗೆ ಬಂದವು, ಕಾಫಿ ತೋಟಗಳಿಗೆ ಬಂದವು, ಕೊನೆಗೆ ಟ್ಯಾಕ್ಸಿಯಾಗಿ ಸವೆದವು. ಈಗ ಅವುಗಳಲ್ಲಿ ಅಳಿದುಳಿದದ್ದನ್ನು ಯಾರದೋ ಕೊಟ್ಟಿಗೆಯಿಂದ ಎಳೆದು ತಂದು ಹೊಸತು ಮಾಡುವ ಹವ್ಯಾಸ ಬೆಳೆದಿದೆ. ಎಂಜಿನ್ ತಿರುಗುತ್ತದೆ, ಕ್ರೋಮಿಯಂ ಮಿಂಚುತ್ತದೆ, ಸೀಟಿಗೆ ಹೊಸ ಚರ್ಮ ಬರುತ್ತದೆ. ಬಣ್ಣ ಎದ್ದು ತುಕ್ಕು ಹಿಡಿದ ಡ್ಯಾಷ್‌ಬೋರ್ಡಿನ ಸರದಿ ಬಂದಾಗ ಕಾರಿನ ಯಜಮಾನರಿಗೆ ಒಂದು ಉದಾರ ಯೋಚನೆ ಹೊಳೆಯುತ್ತದೆ. ‘ಈ ನಕಲಿ ಯಾಕೆ ಆಚಾರ್ರೇ, ಒಳ್ಳೆ ತೇಗದ್ದೇ ಮಾಡಿ ಹಾಕ್ಬಿಡಿ. ದುಡ್ಡಿಗೆ ನೋಡಬೇಡಿ.’

ಎಡವಟ್ಟಾಗುವುದು ಇಲ್ಲಿಯೇ. ಆ ಕಾರಿನಲ್ಲಿ ತೇಗ ಎಂದೂ ಇರಲಿಲ್ಲ. ಇದ್ದದ್ದು ಬಣ್ಣ ಬಳಿದ ಉಕ್ಕು. ತೇಗ ಹಾಕಿಸಿದರೆ ಬೆಲೆಬಾಳುವ ಮರದಿಂದ ಸುಳ್ಳು ಹೇಳಿದಂತಾಗುತ್ತದೆ. ಬಣ್ಣದಲ್ಲಿ ಬರೆದ ಮರವೇ ಆ ಕಾರಿನ ಮಟ್ಟಿಗೆ ನಿಜ. ಹಳೆಯ ದೇವಸ್ಥಾನದ ಗಾರೆ ಗೋಪುರವನ್ನು ಒಡೆದು ಗ್ರಾನೈಟ್ ಅಂಟಿಸಿದರೆ ಅದಕ್ಕೆ ಜೀರ್ಣೋದ್ಧಾರ ಎನ್ನಬಹುದೆ? ಆಚಾರ್ರನ್ನು ದೂರಿ ಫಲವಿಲ್ಲ. ಅವರು ಹೇಳಿದ್ದನ್ನು ಮಾಡಿಕೊಟ್ಟರು, ಅಷ್ಟೆ.

ಸರಿ, ಮರ ಬೇಡ, ಪೇಂಟರನ್ನೇ ಕರೆಯೋಣ ಎಂದರೂ ಕಷ್ಟ ಮುಗಿಯುವುದಿಲ್ಲ. ನಮ್ಮ ಪೇಂಟರುಗಳ ಕೈಗೆ ಬಾಗಿಲಿನ ತೇಗ ಅಭ್ಯಾಸವಾಗಿರುತ್ತದೆ. ಗೀರುಗಳಿರುವ ರಬ್ಬರಿನ ತುಂಡೊಂದನ್ನು ಹಸಿ ಬಣ್ಣದ ಮೇಲೆ ಎಳೆಯುತ್ತ, ತೊಟ್ಟಿಲು ತೂಗಿದ ಹಾಗೆ ಅದನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಿದರೆ ಗೋಪುರದ ಕಮಾನುಗಳು ತಾವೇ ಬೀಳುತ್ತವೆ. ಏಳಡಿ ಬಾಗಿಲಿಗೆ ಇದು ಚಂದ. ಎರಡಂಗುಲದ ಕಿಟಕಿ ಪಟ್ಟಿಯ ಮೇಲೆ ಅದೇ ಕಮಾನು ಎಳೆದರೆ, ಮಗುವಿಗೆ ಅಜ್ಜನ ಕೋಟು ತೊಡಿಸಿದಂತೆ ಕಾಣುತ್ತದೆ. ಜೊತೆಗೆ ಕಾರಿನಲ್ಲಿದ್ದದ್ದು ತೇಗವಲ್ಲ, ಅಕ್ರೋಟು ಅಥವಾ ಮಹಾಗನಿ. ಒಂದು ಮರಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇನು? ಕುಂಚ ಹಿಡಿಯುವ ಮೊದಲು ಇದನ್ನು ತಿಳಿಯಬೇಕು. ಇದು ಸಸ್ಯವಿಜ್ಞಾನದ ಪ್ರಶ್ನೆ.

ಮರದ ಕಾಂಡ ಪ್ರತಿವರ್ಷ ತೊಗಟೆಯ ಕೆಳಗೆ ಒಂದು ಹೊಸ ಪದರವನ್ನು ಹೊದೆಯುತ್ತದೆ. ತೇಗವನ್ನು ತೆಗೆದುಕೊಳ್ಳಿ. ಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ನಾಗರಹೊಳೆಯ ಹಾದಿಯಲ್ಲಿ ತೇಗದ ನೆಡುತೋಪುಗಳನ್ನು ಮಾರ್ಚಿಯಲ್ಲಿ ನೋಡಿದವರಿಗೆ ಇದು ಗೊತ್ತು. ಮಳೆ ಹಿಡಿದೊಡನೆ ಬೇರಿನಿಂದ ನೀರು ದಂಡಿಯಾಗಿ ಏರಬೇಕು. ಆಗ ಹುಟ್ಟುವ ಕೊಳವೆಗಳು ದೊಡ್ಡವು, ಬರಿಗಣ್ಣಿಗೇ ಸೂಜಿಮೊನೆಯ ತೂತುಗಳಂತೆ ಕಾಣುವಷ್ಟು. ಕಾಲ ಕಳೆದಂತೆ ಬೆಳವಣಿಗೆ ಮಂದವಾಗಿ, ಕೊಳವೆಗಳು ಸಣ್ಣವಾಗಿ, ಮರ ಬಿಗಿಯಾಗುತ್ತದೆ. ಮರುವರ್ಷ ಮತ್ತೆ ದೊಡ್ಡ ಕೊಳವೆಗಳ ಸಾಲು. ಹೀಗೆ ವರ್ಷಕ್ಕೊಂದು ಸ್ಪಷ್ಟವಾದ ಉಂಗುರ. ಈ ಉಂಗುರಗಳು ಎಷ್ಟು ನಂಬಿಗಸ್ತವೆಂದರೆ, ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ತೇಗದ ಉಂಗುರಗಳನ್ನು ಅಳೆದು ಹಿಂದಿನ ಕಾಲದ ಮಳೆಗಾಲಗಳ ಅಧ್ಯಯನ ಮಾಡಿದ್ದಾರೆ.

ಬೀಟೆಯ ಕತೆ ಬೇರೆ. ಅದರ ಕೊಳವೆಗಳು ಉಂಗುರಕ್ಕೆ ಸಾಲುಗಟ್ಟದೆ ಎಲ್ಲೆಡೆ ಚದುರಿರುತ್ತವೆ. ಬೀಟೆಯಲ್ಲಿ ಕಾಣುವ ಕಪ್ಪು ನೇರಳೆ ಪಟ್ಟೆಗಳು ಹೆಚ್ಚಾಗಿ ಚೇಗಿನಲ್ಲಿ ಸೇರಿದ ಬಣ್ಣದ ಪದಾರ್ಥಗಳಿಂದ ಬಂದವು. ಅವನ್ನು ಎಣಿಸಿ ಮರದ ವಯಸ್ಸು ಹೇಳಲಾಗದು. ಅದರ ನಾರುಗಳು ಒಂದು ಪದರದಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ ಓರೆಯಾಗಿ ಹೆಣೆದುಕೊಳ್ಳುತ್ತವೆ. ಹಲಸು ಹಳದಿ, ಬಿಸಿಲು ಕಂಡಂತೆ ಕಂದು. ಅಕ್ರೋಟು ತೇಗಕ್ಕೂ ಬೀಟೆಗೂ ನಡುವಿನದು: ಉಂಗುರ ಕಾಣುತ್ತದೆ, ಆದರೆ ಅಂಚು ಮೆದು, ಗೆರೆ ಅಲೆಅಲೆ. ಅದರ ಗಂಟುಬುಡದಿಂದ ಸೀಳಿದ ಹಾಳೆಯಾದರೆ ಗೆರೆಯೇ ಇಲ್ಲ; ಸುಳಿಗಳು, ಕಣ್ಣುಗಳು, ಮೋಡಗಳು. ಬೆಲೆಯ ಕಾರುಗಳಲ್ಲಿ ಕಾಣುವುದು ಈ ಗಂಟುಮರವೇ.

ಮರದ ಜಾತಿ ತಿಳಿದರೆ ಸಾಲದು, ಹಲಗೆಯನ್ನು ಯಾವ ಕಡೆಯಿಂದ ಕೊಯ್ದರು ಎಂಬುದೂ ತಿಳಿಯಬೇಕು. ಬಾಗಿಲ ಮೇಲಿನ ಆ ಗೋಪುರದ ಕಮಾನು ಎಲ್ಲಿಂದ ಬಂತು? ಮರದೊಳಗೆ ಕಮಾನು ಇಲ್ಲವಲ್ಲ, ಇರುವುದು ಉಂಗುರ ಮಾತ್ರ. ಇದಕ್ಕೊಂದು ಅಡುಗೆಮನೆಯ ಪ್ರಯೋಗವಿದೆ. ಅಮ್ಮನನ್ನು ಕೇಳಿ ಎರಡು ಮುಷ್ಟಿ ಚಪಾತಿ ಹಿಟ್ಟು ಪಡೆಯಿರಿ. ಅರ್ಧಕ್ಕೆ ಅರಿಸಿನ ಕಲಸಿ. ಮೊದಲು ಬಿಳಿ ಹಿಟ್ಟಿನ ಸಣ್ಣ ಶಂಕು, ಅದರ ಮೇಲೆ ಹಳದಿ ಹಿಟ್ಟಿನ ಹೊದಿಕೆ, ಮತ್ತೆ ಬಿಳಿ, ಮತ್ತೆ ಹಳದಿ. ಟೋಪಿಯ ಮೇಲೆ ಟೋಪಿ ಇಟ್ಟ ಹಾಗೆ ಐದಾರು ಪದರ. ಮರವೂ ಹೀಗೆಯೇ, ಬುಡ ದಪ್ಪ, ತುದಿ ಸಣ್ಣ, ಒಳಗೆ ವರ್ಷಕ್ಕೊಂದು ಶಂಕು. ಈಗ ಚಾಕುವಿನಿಂದ ನಡುಮಧ್ಯಕ್ಕೆ ಸರಿಯಾಗಿ ಉದ್ದುದ್ದ ಸೀಳಿದರೆ ಹೆಚ್ಚುಕಡಿಮೆ ನೇರ ಗೆರೆಗಳು ಕಾಣುತ್ತವೆ. ಇನ್ನೊಂದು ಶಂಕು ಮಾಡಿ, ಮಧ್ಯವನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ, ಅದೇ ದಿಕ್ಕಿನಲ್ಲಿ ಸೀಳಿದರೆ ಗೋಪುರ! ಒಂದರೊಳಗೊಂದು ಕಮಾನು. ಶಂಕುವನ್ನು ಅಕ್ಷಕ್ಕೆ ಸಮಾಂತರವಾಗಿ ಕತ್ತರಿಸಿದರೆ ಅತಿಪರವಲಯ ಸಿಗುತ್ತದೆಂದು ಪಿ.ಯು.ಸಿ. ಗಣಿತದಲ್ಲಿ ಬಾಯಿಪಾಠ ಮಾಡುವುದು ಇದನ್ನೇ. ಹುಣಸೂರಿನ ಸಾ ಮಿಲ್ಲಿನಲ್ಲಿ ದಿಮ್ಮಿ ಸೀಳುವಾಗ ಈ ಪಾಠ ನಡೆಯುತ್ತಿರುತ್ತದೆ, ಗದ್ದಲದಲ್ಲಿ ಯಾರಿಗೂ ಕೇಳಿಸುವುದಿಲ್ಲ. (ಪ್ರಯೋಗ ಮುಗಿದ ಮೇಲೆ ಹಿಟ್ಟನ್ನು ಲಟ್ಟಿಸಿ ಬೇಯಿಸಬಹುದು, ಅರಿಸಿನ ಚಪಾತಿ ಕೆಡುಕಲ್ಲ.)

ಪ್ಲೈವುಡ್ಡಿನ ಮೇಲ್ಪದರದಲ್ಲಿ ಅಗಲಗಲವಾದ, ನಕ್ಷೆಯಂಥ ಅಲೆಗಳು ಕಾಣುವುದು ಇನ್ನೊಂದು ಕಾರಣಕ್ಕೆ. ಅಲ್ಲಿ ದಿಮ್ಮಿಯನ್ನು ತಿರುಗಿಸುತ್ತ ಪೆನ್ಸಿಲ್ ಚೂಪು ಮಾಡಿದಂತೆ ಹಾಳೆ ಸುಲಿಯುತ್ತಾರೆ. ಚಾಕು ಉಂಗುರದ ಜೊತೆಜೊತೆಗೇ ಸಾಗುವುದರಿಂದ ಒಂದೇ ಉಂಗುರ ಹಾಳೆಯ ಉದ್ದಕ್ಕೂ ಹರಡಿಕೊಳ್ಳುತ್ತದೆ. ಆ ಅಲೆಗಳನ್ನು ನೋಡಿಕೊಂಡು ಕಾರಿನ ಡ್ಯಾಷ್‌ಬೋರ್ಡ್ ಬರೆದರೆ ತಪ್ಪಾಗುತ್ತದೆ. ಕಾರಿನವರು ನಕಲು ಮಾಡಿದ್ದು ಹೆಚ್ಚಾಗಿ ನೇರವಾಗಿ ಹೆರೆದ ಹಾಳೆಯನ್ನು.

ಇಷ್ಟು ತಿಳಿದ ಮೇಲೆ ಕುಂಚ ಹಿಡಿಯಬಹುದು. ಕ್ರಮ ಕೇಳಲು ಸುಲಭ. ತುಕ್ಕು, ಹಳೆ ಬಣ್ಣ ತೆಗೆದು, ಪ್ರೈಮರ್ ಕೊಟ್ಟು, ವಾಟರ್ ಪೇಪರಿನಲ್ಲಿ ಗಾಜಿನಂತೆ ನುಣುಪು ಮಾಡಬೇಕು. ಅದರ ಮೇಲೆ ತಳಬಣ್ಣ. ಹೊಸಬರು ತಪ್ಪುವುದು ಇದರಲ್ಲಿ: ಮರ ಕಂದು ಎಂದು ಕಂದು ಬಣ್ಣವನ್ನೇ ಬಳಿದುಬಿಡುತ್ತಾರೆ. ತಳಬಣ್ಣ ಆ ಮರದಲ್ಲಿರುವ ಎಲ್ಲಕ್ಕಿಂತ ತಿಳಿಯಾದ ಬಣ್ಣವಾಗಿರಬೇಕು. ಅಕ್ರೋಟಿಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ, ಮಹಾಗನಿಗೆ ಹೆಂಚಿನ ಬಣ್ಣ. ಇದು ಪೂರ್ತಿ ಒಣಗಿದ ಮೇಲೆ ಎರಡನೆಯದು, ಅರೆಪಾರದರ್ಶಕವಾದ ಗಾಢ ಬಣ್ಣ. ಅದನ್ನು ತೆಳ್ಳಗೆ ಸವರಿ, ಹಸಿಯಿರುವಾಗಲೇ ಬಾಚಣಿಗೆಯಿಂದ, ಒಣ ಕುಂಚದಿಂದ, ಬಟ್ಟೆಯ ಉಂಡೆಯಿಂದ, ಬೆರಳಿನಿಂದ ಅಲ್ಲಲ್ಲಿ ತೆಗೆಯಬೇಕು. ತೆಗೆದಲ್ಲಿ ತಳಬಣ್ಣ ಇಣುಕುತ್ತದೆ, ಉಳಿದಲ್ಲಿ ಎಳೆಯಾಗುತ್ತದೆ. ಅಂದರೆ ಮರವನ್ನು ಬರೆಯುವುದಲ್ಲ, ಮರವಲ್ಲದ್ದನ್ನು ಒರೆಸುವುದು. ಉದ್ದ ಕೂದಲಿನ ಕುಂಚವನ್ನು ಅಡ್ಡಲಾಗಿ ಹಿಡಿದು ಹಸಿ ಬಣ್ಣಕ್ಕೆ ಪಟಪಟನೆ ಬಡಿದರೆ ಸಣ್ಣ ಗೀರುಗಳು ಮೂಡುತ್ತವೆ. ಅವೇ ಮೊದಲು ಹೇಳಿದ ನೀರಿನ ಕೊಳವೆಗಳು. ಕೊನೆಗೆ ಮೆತ್ತನೆ ಕುಂಚದಿಂದ ಗಾಳಿ ಬೀಸಿದಂತೆ ಸವರಿ ಅಂಚುಗಳನ್ನು ಮಸುಕು ಮಾಡಬೇಕು.

ಗಾಢ ಬಣ್ಣಕ್ಕೆ ಬಳಸುವ ಅಂಬರ್, ಸಿಯೆನ್ನಾ ಎಂಬವು ಮೂಲದಲ್ಲಿ ಮಣ್ಣುಗಳು. ನಮ್ಮ ಕಾವಿಯ ದಾಯಾದಿಗಳು. ಕಬ್ಬಿಣದ ಆಕ್ಸೈಡ್ ಎರಡರಲ್ಲೂ ಇದೆ. ಅಂಬರಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಹೆಚ್ಚಿರುವುದರಿಂದ ಅದು ಕಡುಗಂದು. ಇವನ್ನು ಸುಟ್ಟರೆ ಖನಿಜದಲ್ಲಿ ಸೇರಿಕೊಂಡ ನೀರು ಹೋಗಿ ಬಣ್ಣ ಕೆಂಪಿಗೆ ತಿರುಗುತ್ತದೆ. ಇಟ್ಟಿಗೆ ಗೂಡಿನಲ್ಲಿ ಮಣ್ಣು ಕೆಂಪಾಗುವುದಕ್ಕೂ ಕಾರಣ ಕಬ್ಬಿಣವೇ. ಈ ಪುಡಿಯನ್ನು ಅಗಸೆ ಎಣ್ಣೆ, ಟರ್ಪಂಟೈನ್‌ಗಳಲ್ಲಿ ಕಲಸುವುದು ಒಂದು ಪದ್ಧತಿ. ನೀರಿನ ಬಣ್ಣದ ಪದ್ಧತಿಯಲ್ಲಿ ಇಂಗ್ಲಿಷ್ ಪೇಂಟರುಗಳು ಹಳಸಿದ ಬಿಯರಿನಲ್ಲಿ ಕಲಸುತ್ತಿದ್ದರು. ಅದರಲ್ಲಿರುವ ಸಕ್ಕರೆಯಂಥ ಅಂಟು ವಾರ್ನಿಷ್ ಬೀಳುವವರೆಗೆ ಪುಡಿಯನ್ನು ಹಿಡಿದಿಡಲು ಸಾಕು. ಬಾಟಲಿ ಕೆಲಸಕ್ಕೆಂದೇ ತಂದದ್ದು ಎಂದು ಮನೆಯಲ್ಲಿ ನಂಬಿಸುವುದು ಅವರಿಗೂ ಕಷ್ಟವಾಗಿದ್ದಿರಬೇಕು.

ಕೊನೆಯ ವಾರ್ನಿಷ್ ಬಿದ್ದೊಡನೆ ಮಂಕಾಗಿದ್ದ ಚಿತ್ರಕ್ಕೆ ಜೀವ ಬರುತ್ತದೆ. ಲಕ್ಷ್ಮಣತೀರ್ಥದ ದಡದಲ್ಲಿ ಒಣಗಿದ ಕಲ್ಲು ಬೂದು, ನೀರಿಗೆ ಅದ್ದಿದರೆ ಗಾಢ. ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸಿ ಬಣ್ಣವನ್ನು ಬಿಳಿಚಿಸುತ್ತದೆ. ನೀರಾಗಲಿ ವಾರ್ನಿಷ್ ಆಗಲಿ ಆ ತಗ್ಗುಗಳನ್ನು ತುಂಬಿದಾಗ ಚೆದುರುವಿಕೆ ಕಡಿಮೆಯಾಗಿ ಒಳಗಿನ ಬಣ್ಣ ಕಾಣುತ್ತದೆ.

ಇಷ್ಟಾದರೂ ನಕಲಿ ಸಿಕ್ಕಿಬೀಳುವುದು ಎರಡು ಕಡೆ. ಮೊದಲನೆಯದು, ನಿಜವಾದ ಮರವನ್ನು ಬೆಳಕಿನಲ್ಲಿ ಓರೆಯಾಗಿ ತಿರುಗಿಸಿದರೆ ರೇಷ್ಮೆ ಸೀರೆಯಂತೆ ಹೊಳಪು ಜಾಗ ಬದಲಿಸುತ್ತದೆ, ಅದರ ನಾರುಗಳ ದಿಕ್ಕಿನಿಂದಾಗಿ. ಬಣ್ಣದ ಮರಕ್ಕೆ ಈ ಗುಣವಿಲ್ಲ. ಎರಡನೆಯದು, ಪುನರಾವರ್ತನೆ. ಇದನ್ನು ಶಾಲೆಯಲ್ಲೋ ಕಚೇರಿಯಲ್ಲೋ ಸನ್‌ಮೈಕಾ ಹೊದೆಸಿದ ಮೇಜಿನ ಮೇಲೆ ಪರೀಕ್ಷಿಸಬಹುದು. ಒಂದು ಗಂಟನ್ನು ಗುರುತಿಟ್ಟುಕೊಂಡು ಹುಡುಕುತ್ತ ಹೋದರೆ, ಮೇಜು ಸಾಕಷ್ಟು ದೊಡ್ಡದಿದ್ದಾಗ, ಅದೇ ಗಂಟು, ಅದೇ ಸೊಟ್ಟ ಗೆರೆಯೊಂದಿಗೆ ಮತ್ತೆ ಪ್ರತ್ಯಕ್ಷ. ಅಚ್ಚಿನ ರೋಲರು ಒಂದು ಸುತ್ತು ಮುಗಿಸಿದ ಗುರುತು ಅದು. ಯಾವ ಮರವೂ ಒಂದೇ ಗಂಟನ್ನು ಎರಡು ಸಲ ಬೆಳೆಯುವುದಿಲ್ಲ. ಕೈಯಿಂದ ಬರೆಯುವವನೂ ಎರಡು ಸಲ ಒಂದೇ ರೀತಿ ಬರೆಯಲಾರ. ಈ ವಿಷಯದಲ್ಲಿ ಪೇಂಟರನ ಕೈ ಯಂತ್ರಕ್ಕಿಂತ ಮರಕ್ಕೆ ಹತ್ತಿರ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ಕರ್ಷಾ ಎಂಬ ಪೇಂಟರ್ ಬರೆದ ಮರದ, ಅಮೃತಶಿಲೆಯ ಫಲಕಗಳಿಗೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಹುಮಾನ ಬಂತು. ಅವನ ಫಲಕಗಳು ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಗೋಡೆ ಬಾಗಿಲಿಗೆ ಬಣ್ಣ ಬಳಿಯುವ ಕಸುಬಿನವನಿಗೆ ಸಿಕ್ಕ ಮನ್ನಣೆ ಅದು.

ನಮ್ಮಲ್ಲಿ ಮಗ ಪೇಂಟರ್ ಕೆಲಸಕ್ಕೆ ಹೋಗುತ್ತೇನೆಂದರೆ ಮನೆಯಲ್ಲಿ ಸೂತಕದ ಕಳೆ. ಅಂಕ ಬಾರದವನ ಕೊನೆಯ ಆಸರೆ ಎಂದೇ ಲೆಕ್ಕ. ಐ.ಟಿ.ಐ. ತರಬೇತಿಯಲ್ಲಿ ‘ಪೇಂಟರ್’ ಎಂಬ ವಿಭಾಗವೇ ಇದೆಯೆಂದು ಎಷ್ಟೋ ತಂದೆತಾಯಿಗಳಿಗೆ ತಿಳಿದಿಲ್ಲ. ಸಸ್ಯದ ಒಳರಚನೆ, ಶಂಕುವಿನ ಛೇದ, ಬೆಳಕಿನ ಚೆದುರುವಿಕೆ, ಎಣ್ಣೆಯ ರಸಾಯನ, ಇಷ್ಟನ್ನೂ ಒಂದು ಮೊಳ ತಗಡಿನ ಮೇಲೆ ತಪ್ಪಿಲ್ಲದೆ ಬರೆಯಬಲ್ಲ ಹುಡುಗನಿಗೆ ವಿಜ್ಞಾನ ಬರುವುದಿಲ್ಲವೆಂದು ಹೇಳುವುದು ಕಷ್ಟ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ, ಅದು ಬೇರೆ ಮಾತು.

ಆದರೆ ಈ ಕಸುಬಿನಲ್ಲಿ ಅಪಾಯವೂ ಉಂಟು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಅಗಸೆ ಎಣ್ಣೆ ಒಣಗುತ್ತದೆ ಎನ್ನುತ್ತೇವೆ, ಆದರೆ ನೀರಿನಂತೆ ಅದು ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ತಗಡಿನ ಮೇಲೆ ತೆಳುವಾಗಿದ್ದಾಗ ಶಾಖ ಗಾಳಿಗೆ ಹೋಗುತ್ತದೆ. ಅದೇ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಿದರೆ, ಒಳಗಿನ ಶಾಖ ಹೊರಹೋಗದೆ ಏರುತ್ತ ಏರುತ್ತ, ಬೆಂಕಿ ಕಡ್ಡಿ ಸೋಕದೆ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ಗ್ಯಾರೇಜು, ಪೇಂಟ್ ಅಂಗಡಿಗಳಲ್ಲಿ ರಾತ್ರಿ ಹೊತ್ತು ಬೆಂಕಿ ಬೀಳಲು ಇದೂ ಒಂದು ಕಾರಣ. ತಂಬಾಕು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲೇ ಪೇಂಟಿನ ಸಾಮಾನು ಇಡುವ ಪಿರಿಯಾಪಟ್ಟಣ, ಹುಣಸೂರು ಕಡೆಯ ರೈತರ ಮನೆಗಳವರು ಇದನ್ನು ಎರಡು ಸಲ ಓದಬೇಕು. ಒರೆಸಿದ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರಡಬೇಕು, ಇಲ್ಲವೆ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಹಾಕಬೇಕು.

ಹಳೆಯ ಕಾರಿನ ಬಣ್ಣವನ್ನು ಒಣ ಎಮರಿಯಲ್ಲಿ ಉಜ್ಜುವುದು ಇನ್ನೊಂದು ಅಪಾಯ. ಆ ಕಾಲದ ಬಣ್ಣ, ಪ್ರೈಮರುಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಲ್ಲಷ್ಟೇ ಜಾರಿಗೆ ಬಂತು. ಸೀಸದ ದೂಳು ಮಕ್ಕಳ ಮೆದುಳಿಗೆ ವಿಷ. ಉಜ್ಜುವಾಗ ನೀರು ಹಾಕಿಯೇ ಉಜ್ಜಬೇಕು, ಮನೆಯ ಅಂಗಳದಲ್ಲಿ ಅಲ್ಲ, ಮಕ್ಕಳು ಹತ್ತಿರವಿರಬಾರದು, ಆ ಬಟ್ಟೆಯಲ್ಲೇ ಬಂದು ಮಗುವನ್ನು ಎತ್ತಿಕೊಳ್ಳಬಾರದು. ಇನ್ನು ಈಚಿನ ಎರಡು ಡಬ್ಬದ ಕ್ಲಿಯರ್ ಲ್ಯಾಕರನ್ನು ಸ್ಪ್ರೇ ಮಾಡುವಾಗ ಮುಖಕ್ಕೆ ಕರ್ಚೀಫು ಕಟ್ಟಿಕೊಳ್ಳುವುದು ಬರಿಯ ಸಮಾಧಾನಕ್ಕೆ. ಅದರ ಐಸೊಸೈನೇಟ್ ಉಸಿರಿಗೆ ಹೋದರೆ ಜೀವನಪರ್ಯಂತ ಆಸ್ತಮಾ ಬರಬಹುದು; ಅದಕ್ಕೆಂದೇ ಇರುವ ಮುಖಕವಚ ಬೇಕು. ಹುಡುಗನನ್ನು ಕೆಲಸಕ್ಕೆ ಸೇರಿಸುವ ತಂದೆ ಸಂಬಳ ಎಷ್ಟೆಂದು ಕೇಳುವ ಮೊದಲು ಆ ಕವಚ ಇದೆಯೇ ಎಂದು ಕೇಳುವುದು ಒಳ್ಳೆಯದು.

ಮರವೇ ಸಿಗುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮರ ಸಿಗುವುದಿಲ್ಲ ಎಂಬುದೇ ಉತ್ತರ. ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂಡಿಸಿದ ಬೀಟೆ ಬಾಗಿಲುಗಳನ್ನು ನೋಡಿದವರಿಗೆ ಕಾಕನಕೋಟೆಯ ಕಡೆ ಅಂಥ ಮರಗಳು ಸಾಲುಸಾಲಾಗಿ ನಿಂತಿವೆ ಎನ್ನಿಸಬಹುದು. ಒಂದು ದೊಡ್ಡ ಬೀಟೆ ಬೆಳೆಯಲು ಮೂರು ನಾಲ್ಕು ತಲೆಮಾರು ಬೇಕು. ಬೀಟೆಯೂ ಸೇರಿದ ಡಾಲ್ಬರ್ಜಿಯಾ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರ ಜನವರಿಯಿಂದ ಕಟ್ಟುಪಾಡು ಬಂದಿದೆ. ಎಚ್.ಡಿ. ಕೋಟೆಯ ರೈತನ ಹಿಡುವಳಿಯಲ್ಲೇ ಬೀಟೆ ಇದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಡಲಿ ಹಾಕುವಂತಿಲ್ಲ. ಹಳೆಯ ಕಾರಿನ ಡ್ಯಾಷ್‌ಬೋರ್ಡಿಗೆ ಬೇಕಾದ ಮರ ಒಂದು ಹಿಡಿಯಷ್ಟೆ, ನಿಜ. ಮನೆಗಳ ಬಾಗಿಲುಗಳ ಲೆಕ್ಕ ಹಾಗಲ್ಲ.

ಕಾರಿನ ಮಾತಿಗೆ ಮರಳಿದರೆ, ಉಜ್ಜಲು ಶುರುಮಾಡುವ ಮೊದಲು ಒಂದು ಕೆಲಸ ಬಾಕಿಯಿದೆ. ಡ್ಯಾಷ್‌ಬೋರ್ಡಿನ ಎದುರು ಭಾಗ ದಶಕಗಟ್ಟಲೆ ಬಿಸಿಲಿಗೆ ಬಿಳಿಚಿರುತ್ತದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಬರೆದರೆ ಮುದುಕನ ಮುಖ ನೋಡಿ ಮದುವೆ ಫೋಟೋ ತಿದ್ದಿದಂತೆ. ಬೂದಿಯ ಬಟ್ಟಲನ್ನು ಹೊರಗೆಳೆದು ಅದರ ಹಿಂದೆ ನೋಡಬೇಕು. ಗಡಿಯಾರದ ಸುತ್ತಲಿನ ಬಳೆ ಬಿಚ್ಚಬೇಕು. ಕಿಟಕಿ ಪಟ್ಟಿಯ ಮೇಲಿನ ರಬ್ಬರನ್ನು ಎತ್ತಬೇಕು. ಬೆರಳಗಲದಷ್ಟು ಜಾಗದಲ್ಲಿ ಕಾರ್ಖಾನೆ ಬಿಟ್ಟ ದಿನದ ಬಣ್ಣ ಹಾಗೆಯೇ ಇರುವುದುಂಟು. ಅಲ್ಲಿ ಎಳೆಗಳು ಯಾವ ದಿಕ್ಕಿಗೆ ಓಡಿವೆ, ಮೂಲೆಯಲ್ಲಿ ಬಡಗಿಯ ಕೂಡಿಕೆಯಂತೆ ನಿಂತಿವೆಯೋ ಅಥವಾ ಯಾವ ಮರವೂ ಬಾಗಲಾರದ ತಿರುವಿನಲ್ಲಿ ಹಾಗೇ ಬಾಗಿ ಹೋಗಿವೆಯೋ ಎಂಬುದನ್ನು ನೋಡಿಕೊಳ್ಳಬೇಕು. ಬಾಗಿ ಹೋಗಿದ್ದರೆ ಅದನ್ನು ತಿದ್ದಲು ಹೋಗಬಾರದು. ಕಾರ್ಖಾನೆಯ ರೋಲರು ಅಂದು ಹಾಗೆಯೇ ಉರುಳಿತ್ತು. ಹಗಲು ಬೆಳಕಿನಲ್ಲಿ ಫೋಟೋ ತೆಗೆದು, ಆ ಬೆರಳಗಲದ ಜಾಗಕ್ಕೆ ಟೇಪು ಅಂಟಿಸಿ, ಅದನ್ನು ಮುಟ್ಟದೆ ಬಿಟ್ಟು, ಆಮೇಲೆ ವಾಟರ್ ಪೇಪರನ್ನು ನೀರಿಗೆ ಅದ್ದಬೇಕು.